ಕೋಳಿಗೆ ಮೂರು ನಕ್ಷತ್ರ

ಬೆನ್ನಿಗೆ ಚೀಲ ಕಟ್ಟಿಕೊಂಡು ಉಷ್ಣವಲಯದ ದ್ವೀಪಗಳನ್ನು ಸುತ್ತುವ ಮಹಾಶಯನಿಗೆ ಹೋಟೆಲೆಂದರೆ ಮೈಲಿಗೆ. ಅವನನ್ನು ಪ್ರವಾಸಿ ಎಂದು ಕರೆದರೆ ಮುಖ ಕಿವುಚುತ್ತಾನೆ. ಪ್ರವಾಸಿಗಳೆಂದರೆ ಅವನ ಪಾಲಿಗೆ ಯಾವಾಗಲೂ ಬೇರೆಯವರು. ದ್ವೀಪದವರ ಮನೆಯಲ್ಲಿಯೇ ಇಳಿದುಕೊಂಡು, ಅವರು ಉಂಡದ್ದನ್ನೇ ಉಂಡು, ಅವರಂತೆಯೇ ಬದುಕಬೇಕೆಂಬುದು ಅವನು ಹಿಡಿದ ವ್ರತ. ಈ ವ್ರತ ಸಾಂಗವಾಗಿ ನೆರವೇರಲೆಂದು ಮನೆಯವರು ತಮ್ಮ ಕೋಣೆಯನ್ನು ಬಿಟ್ಟುಕೊಟ್ಟು ಅಡುಗೆಮನೆಯ ಮೂಲೆಗೆ ಸರಿಯುತ್ತಾರೆ, ಟಿವಿಯನ್ನು ಬಟ್ಟೆ ಹೊದಿಸಿ ಮರೆಮಾಡುತ್ತಾರೆ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಿತ್ತಿಲಿಗೆ ಸಾಗಿಸುತ್ತಾರೆ. ಅವನು ಸ್ಥಳೀಯರಂತೆ ಬದುಕುವಷ್ಟು ದಿನ ಸ್ಥಳೀಯರು ಹಾಗೆ ಬದುಕುವುದನ್ನು ನಿಲ್ಲಿಸಬೇಕಾಗುತ್ತದೆ ಎಂಬುದೊಂದು ಸಣ್ಣ ತೊಡಕು ಮಾತ್ರ.

ಹೊರಟುಹೋದ ಮೇಲೆ ಅವನು ಬರೆಯುವ ವಿಮರ್ಶೆಯ ಮಾದರಿ ಇದು: ಮನೆಯವರು ದೇವರಂಥವರು, ಊಟ ಅಪ್ಪಟ, ಆದರೆ ನಸುಕಿನ ನಾಲ್ಕಕ್ಕೇ ಹುಂಜ ಕೂಗುತ್ತದೆ, ಮೂರು ನಕ್ಷತ್ರ. ಮೊಮ್ಮಗಳು ಇದನ್ನು ಫೋನಿನಲ್ಲಿ ಓದಿ ಹೇಳುತ್ತಾಳೆ. ಅಜ್ಜಿ ಏನೂ ಮಾತನಾಡದೆ ಹಿತ್ತಿಲ ಕಡೆಗೊಮ್ಮೆ ನೋಡುತ್ತಾಳೆ.

ಶಾಂತಸಾಗರದ ದ್ವೀಪದೇಶ ಫಿಜಿಯ ಹಳ್ಳಿಗಳಲ್ಲಿ ಹೊರಗಿನಿಂದ ಬಂದವರು ಯಾಂಗೋನ ಎಂಬ ಗಿಡದ ಬೇರಿನ ಕಟ್ಟೊಂದನ್ನು ಹಿರಿಯರ ಮುಂದಿಟ್ಟು ಅಪ್ಪಣೆ ಬೇಡುವ ಪದ್ಧತಿಯಿದೆ. ಅದಕ್ಕೆ ಸೆವುಸೆವು ಎಂದು ಹೆಸರು. ನಮ್ಮ ವ್ರತಧಾರಿ ಆ ಬೇರನ್ನು ಪೇಟೆಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ಕೊಂಡಿರುತ್ತಾನೆ, ಏಕೆಂದರೆ ಚೌಕಾಸಿ ಮಾಡದಿದ್ದರೆ ಅನುಭವ ಅಪ್ಪಟವಾಗುವುದಿಲ್ಲ. ಹಳ್ಳಿಯೊಳಗೆ ಟೋಪಿ ತೆಗೆಯಬೇಕೆಂದು ಯಾರೋ ನೆನಪಿಸಿದ ಮೇಲೆ ತೆಗೆದು, ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಾನೆ. ತೆಂಗಿನ ಚಿಪ್ಪಿನಲ್ಲಿ ಆ ಬೇರಿನಿಂದ ಮಾಡಿದ ಕಾವಾ ಎಂಬ ಪಾನೀಯ ಬರುತ್ತದೆ. ಒಮ್ಮೆ ಚಪ್ಪಾಳೆ ತಟ್ಟಿ, ‘ಬುಲಾ’ ಎಂದು, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಬಾರಿ ತಟ್ಟಬೇಕು. ಇಲ್ಲಿಯೇ ಬಿಕ್ಕಟ್ಟು. ಒಂದು ಕೈಯಿಂದ ಚಪ್ಪಾಳೆಯಾಗದೆಂದು ನಮ್ಮ ಹಿರಿಯರು ಹೇಳುವಾಗ ಇನ್ನೊಂದು ಕೈಯಲ್ಲಿ ವೀಡಿಯೊ ತೆಗೆಯುವ ಫೋನಿರಬಹುದೆಂದು ಊಹಿಸಿರಲಿಲ್ಲ. ಅವನು ತೊಡೆಯ ಮೇಲೆ ತಟ್ಟಿ ಪೂರೈಸುತ್ತಾನೆ. ಹಳ್ಳಿಯವರು ಸೌಜನ್ಯಕ್ಕೆ ನಗುತ್ತಾರೆ. ಆ ನಗುವಿಗೆ ‘ಆತ್ಮೀಯತೆ’ ಎಂಬ ಶೀರ್ಷಿಕೆ ಬೀಳುತ್ತದೆ.

ಅಪರಿಚಿತರನ್ನು ಬಿಟ್ಟಿಯಾಗಿ ಮನೆಯಲ್ಲಿ ಮಲಗಿಸುವ ಉದಾತ್ತ ಕಲ್ಪನೆಗೆ 2004ರಲ್ಲಿ ಜಾಲತಾಣದ ರೂಪ ಕೊಟ್ಟ ಕೌಚ್‌ಸರ್ಫಿಂಗ್, 2011ರಲ್ಲಿ ಲಾಭದ ಕಂಪನಿಯಾಗಿ, 2020ರಲ್ಲಿ ಅನೇಕ ದೇಶಗಳ ಸದಸ್ಯರಿಂದ ಶುಲ್ಕ ವಸೂಲಿ ಮಾಡತೊಡಗಿತು. ಹೀಗಾಗಿ ಹಾಸಿಗೆ ಕೊಡುವವನು, ಬೆಳಗಿನ ಉಪಾಹಾರವನ್ನೂ ತನ್ನ ಖರ್ಚಿನಲ್ಲೇ ಕೊಡುವವನು, ಆ ಪುಣ್ಯಕ್ಕಾಗಿ ಮೇಲಿನಿಂದ ಚಂದಾ ಕಟ್ಟುವ ಅಪೂರ್ವ ಅರ್ಥಶಾಸ್ತ್ರ ಸಿದ್ಧವಾಯಿತು. ಮಲಗಲು ಬಂದವನಿಗಂತೂ ಸಿಟ್ಟು ನೆತ್ತಿಗೇರಿತು: ಆತಿಥ್ಯಕ್ಕೂ ಬೆಲೆ ಕಟ್ಟುವುದೇ? ಇಂಡೋನೇಷ್ಯಾದ ಬಾಲಿ ದ್ವೀಪವು 2024ರ ಫೆಬ್ರವರಿಯಿಂದ ವಿದೇಶಿಯರ ಮೇಲೆ 1,50,000 ರುಪಿಯಾ, ಅಂದರೆ ಹತ್ತು ಡಾಲರಿನ ಆಸುಪಾಸು, ಶುಲ್ಕ ವಿಧಿಸಿದಾಗಲೂ ಅವನಿಗೆ ಇದೇ ಸಂಕಟ. ಸಾವಿರ ಡಾಲರಿನ ವಿಮಾನದ ಟಿಕೆಟ್ಟು ಮಾತ್ರ ಅವನ ಸರಳ ಜೀವನದ ಲೆಕ್ಕಕ್ಕೆ ಬರುವುದಿಲ್ಲ.

ಕೈಯಲ್ಲಿದ್ದುದು ಕರಗಿದರೆ ‘ನನ್ನ ವಿಶ್ವಯಾತ್ರೆಗೆ ನೆರವಾಗಿ’ ಎಂಬ ರಟ್ಟು ಹಿಡಿದು ದಾರಿಬದಿಯಲ್ಲಿ ಕೂರುವುದೂ ಉಂಟು; ಇವರಿಗೆ ಬೆಗ್‌ಪ್ಯಾಕರ್, ಅಂದರೆ ಬೇಡುವ ಬ್ಯಾಕ್‌ಪ್ಯಾಕರ್, ಎಂಬ ಹೆಸರೇ ಹುಟ್ಟಿದೆ. ಬೆಳಗಿನಿಂದ ಮೀನು ಮಾರಿ ಬಂದ ಹೆಂಗಸು ಇವನ ಟೋಪಿಗೆ ನಾಣ್ಯ ಹಾಕಬೇಕೆಂಬುದು ನಿರೀಕ್ಷೆ. ಗಡಿಯಲ್ಲಿ 20,000 ಬಾತ್ ನಗದು ತೋರಿಸೆಂದು ಥಾಯ್ಲೆಂಡಿನ ಅಧಿಕಾರಿಗಳು ಕೇಳಬಹುದಾದ ನಿಯಮವನ್ನು ಇವನು ಮಾನವೀಯತೆಯ ಕೊರತೆಯೆಂದು ತಿಳಿಯುತ್ತಾನೆ.

ಅವನ ಇನ್ನೊಂದು ಸಾಧನೆ, ‘ಇನ್ನೂ ಯಾರಿಗೂ ಗೊತ್ತಿಲ್ಲದ’ ಕಡಲತೀರವನ್ನು ಪತ್ತೆಹಚ್ಚಿ ನಕ್ಷೆ ಸಮೇತ ಎಲ್ಲರಿಗೂ ಹಂಚುವುದು. ಥಾಯ್ಲೆಂಡಿನ ಮಾಯಾ ಕೊಲ್ಲಿಗೆ ದಿನಕ್ಕೆ ಸುಮಾರು ಐದು ಸಾವಿರ ಜನ ಏಕಾಂತ ಹುಡುಕಿಕೊಂಡು ಬಂದು, ಹವಳದ ದಿಬ್ಬಗಳು ಹಾಳಾಗಿ, 2018ರ ಜೂನಿನಲ್ಲಿ ಅದನ್ನು ಮುಚ್ಚಿದವರು 2022ರ ಜನವರಿಯವರೆಗೆ ತೆರೆಯಲಿಲ್ಲ. ಅದೇ 2018ರಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷ ಡುಟರ್ಟೆ ಬೊರಾಕೈ ದ್ವೀಪವನ್ನು ಕೊಚ್ಚೆಗುಂಡಿ ಎಂದು ಕರೆದು ಆರು ತಿಂಗಳು ಬೀಗ ಹಾಕಿಸಿದರು. ಚರಂಡಿ ನೀರು ಕಡಲಿಗೆ ಬಿಟ್ಟ ಹೋಟೆಲುಗಳ ಪಾಲು ಅದರಲ್ಲಿ ದೊಡ್ಡದು ಎಂಬುದನ್ನು ಒಪ್ಪೋಣ. ಆದರೆ ಚರಂಡಿ ತುಂಬಿದವರು ಯಾರೆಂದು ನಮ್ಮ ಮಹಾಶಯ ಎಂದೂ ಕೇಳಿಲ್ಲ.

ಇದ್ದುದರಲ್ಲಿ ಶಾಂತಸಾಗರದ ಪಲಾವು ಎಂಬ ದ್ವೀಪದೇಶವೇ ಜಾಣ. 2017ರಿಂದ ಅಲ್ಲಿಗೆ ಬರುವವರ ಪಾಸ್‌ಪೋರ್ಟಿನಲ್ಲಿ ಪ್ರತಿಜ್ಞೆಯೊಂದನ್ನು ಮುದ್ರೆಯೊತ್ತಿ, ದ್ವೀಪವನ್ನು ಕೆಡಿಸುವುದಿಲ್ಲವೆಂದು ಅಲ್ಲಿನ ಮಕ್ಕಳ ಹೆಸರಿನಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ನಮ್ಮವನು ಸಹಿ ಹಾಕಿದ. ಹಾಕುವ ಮೊದಲು ಅದರ ಚಿತ್ರ ತೆಗೆದುಕೊಂಡ. ಓದಿದನೋ ಇಲ್ಲವೋ, ಚಿತ್ರವಂತೂ ಚೆನ್ನಾಗಿ ಬಂದಿದೆ.

ಇತ್ತ ಅಜ್ಜಿಯ ಮನೆಗೆ ಮುಂದಿನ ಅತಿಥಿ ಬಂದುಹೋಗಿದ್ದಾನೆ. ಅವನಿಗೆ ಅಪ್ಪಟ ಸ್ಥಳೀಯ ಭೋಜನವೆಂದು ಬಡಿಸಿದ್ದು ಅದೇ ಹುಂಜವನ್ನು. ಊಟವನ್ನು ಬಾಯ್ತುಂಬ ಹೊಗಳಿದ ಆತ, ಮುಂಜಾನೆ ಕೋಳಿಯ ಕೂಗೇ ಕೇಳಿಸದ ಈ ಊರು ನಿಜವಾದ ಹಳ್ಳಿಯೇ ಎಂದು ಸಂದೇಹ ವ್ಯಕ್ತಪಡಿಸಿ, ಎರಡು ನಕ್ಷತ್ರ ಕಡಿತ ಮಾಡಿದ್ದಾನೆ.