ಇಲ್ಲ ಅಂದಿರೋ, ಸಿಕ್ಕಿಬಿದ್ದಿರಿ!

ಈಗ ಯಾರಿಗೂ ಸುಮ್ಮನೆ ಸಿಟ್ಟು ಬರುವುದಿಲ್ಲ. ಸಿಟ್ಟಿನ ಹಿಂದೆ ಬಾಲ್ಯ, ಬಾಲ್ಯದ ಹಿಂದೆ ಅಪ್ಪ, ಅಪ್ಪನ ಹಿಂದೆ ಅವನ ಅಪ್ಪ. ಬೇಕಿದ್ದರೆ ಕೊಟ್ಟ ಸಾಲ ವಾಪಸ್ ಕೇಳಿ ನೋಡಿ. ಸಾಲಗಾರ ಮೊದಲಿನ ಹಾಗೆ ತಲೆ ತಪ್ಪಿಸಿಕೊಂಡು ಓಡಾಡುವುದಿಲ್ಲ. ಎದುರಿಗೇ ಕೂತು, ಬಹಳ ಮರುಕದಿಂದ, “ನಿನಗೆ ದುಡ್ಡಿನ ವಿಷಯದಲ್ಲಿ ಇಷ್ಟೊಂದು ಅಭದ್ರತೆ ಯಾಕೆ? ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ?” ಎಂದು ಕೇಳುತ್ತಾನೆ. “ಏನೂ ಆಗಿಲ್ಲ ಮಾರಾಯ, ದುಡ್ಡು ಕೊಡು” ಅಂದಿರೋ, ಮುಗಿಯಿತು. “ನೋಡು, ಇದೇ ಡಿನೈಯಲ್!” ಸಾಲ ಕೊಟ್ಟವನು ರೋಗಿ, ಈಸಿಕೊಂಡವನು ವೈದ್ಯ. ಫೀಸು ಮುಂಗಡವಾಗಿಯೇ ಸಂದಾಯವಾಗಿದೆ.

‘ಇಲ್ಲ’ವನ್ನು ‘ಹೌದು’ ಮಾಡುವ ಈ ವಿದ್ಯೆ ಹೊಸದೇನಲ್ಲ. 1925ರಲ್ಲಿ ಮನೋವಿಶ್ಲೇಷಣೆಯ ಪಿತಾಮಹ, ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ನಿರಾಕರಣೆಯ ಬಗ್ಗೆಯೇ ಒಂದು ಪುಟ್ಟ ಪ್ರಬಂಧ ಬರೆದರು. ಅದರಲ್ಲೊಬ್ಬ ರೋಗಿ, ಕನಸಿನಲ್ಲಿ ಬಂದದ್ದು ಯಾರು ಅಂತ ಕೇಳುತ್ತೀರಿ, ನನ್ನ ತಾಯಿಯಂತೂ ಅಲ್ಲ ಎನ್ನುತ್ತಾನೆ. ಹಾಗಾದರೆ ತಾಯಿಯೇ ಸೈ ಎಂದು ಫ್ರಾಯ್ಡ್ ತಿದ್ದಿಕೊಳ್ಳುತ್ತಾರೆ. ಇದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ತಾಯಿಯ ಸುದ್ದಿ ಯಾರೂ ಎತ್ತಿರಲಿಲ್ಲ, ಅವನೇ ಎತ್ತಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಕಟ್ಟಿದವರಿಗೆ ಇಷ್ಟು ಮನೋವಿಶ್ಲೇಷಣೆ ವಿಯೆನ್ನಾಕ್ಕೆ ಹೋಗದೆಯೇ ಗೊತ್ತಿತ್ತು. ಆದರೆ ಗಾದೆಗೆ ಒಂದು ಮರ್ಯಾದೆ ಇದೆ, ಹೆಗಲು ಮುಟ್ಟಿಕೊಳ್ಳದವನನ್ನು ಅದು ಬಿಟ್ಟುಬಿಡುತ್ತದೆ. ಸಿದ್ಧಾಂತ ಬಿಡುವುದಿಲ್ಲ. ಮುಟ್ಟಿಕೊಂಡವನು ಕಳ್ಳ. ಮುಟ್ಟಿಕೊಳ್ಳದವನು, ಮುಟ್ಟಿಕೊಳ್ಳುವ ಬಯಕೆಯನ್ನು ದಮನ ಮಾಡಿಟ್ಟುಕೊಂಡ ಕಳ್ಳ. ಇನ್ನು ತುರಿಕೆಯಾಯಿತೆಂದು ಹೆಗಲು ಕೆರೆದುಕೊಂಡವನ ಕಥೆ ಬಲು ದೀರ್ಘ. ಅವನು ವಾರಕ್ಕೆ ಆರು ದಿನ ಬರಬೇಕಾಗುತ್ತದೆ.

ನಗುವುದಕ್ಕೆ ಕಷ್ಟವಾಗುವ ಪ್ರಕರಣವೂ ಒಂದಿದೆ. 1900ರಲ್ಲಿ ಹದಿನೆಂಟರ ಹುಡುಗಿಯೊಬ್ಬಳನ್ನು ಅವಳ ಅಪ್ಪ ಫ್ರಾಯ್ಡ್ ಬಳಿಗೆ ಕರೆತಂದ. ಪುಸ್ತಕಗಳಲ್ಲಿ ಅವಳ ಹೆಸರು ಡೋರಾ. ಅಪ್ಪನ ಸ್ನೇಹಿತ ಸರೋವರದ ದಂಡೆಯಲ್ಲಿ ಅವಳ ಮೇಲೆ ಕಣ್ಣು ಹಾಕಿ ಮಾತಾಡಿದ್ದ. ಅವಳು ಅವನ ಕೆನ್ನೆಗೆ ಬಾರಿಸಿದ್ದಳು. ಅಪ್ಪನಿಗೋ ಆ ಸ್ನೇಹಿತನ ಹೆಂಡತಿಯ ಜೊತೆಗೇ ಸಂಬಂಧವಿತ್ತು, ಹಾಗಾಗಿ ಮಗಳ ಮಾತು ನಂಬದಿರುವುದೇ ಅವನಿಗೆ ಅನುಕೂಲ. ಫ್ರಾಯ್ಡ್ ನಂಬಿದರು, ಅಷ್ಟರ ಮಟ್ಟಿಗೆ ದೊಡ್ಡವರೇ. ನಂಬಿ, ಒಳಗೊಳಗೆ ನಿನಗೆ ಅವನ ಮೇಲೆ ಪ್ರೀತಿ ಇದೆ ಎಂದರು. ಇಲ್ಲ ಎಂದಳು. ಆ ‘ಇಲ್ಲ’ವೇ ಸಾಕ್ಷಿಯಾಯಿತು. ಹನ್ನೊಂದು ವಾರ ಕೇಳಿಸಿಕೊಂಡು, ವರ್ಷದ ಕೊನೆಯ ದಿನ ಎದ್ದು ಹೋದಳು. ಹೋದದ್ದು ಯಾಕೆ? ಸೇಡಿಗಾಗಿ, ಎಂದು ಅದಕ್ಕೂ ವ್ಯಾಖ್ಯಾನ ಸಿಕ್ಕಿತು. ಕೆನ್ನೆಗೆ ಬಾರಿಸಿದ್ದು ಕೋಪದಿಂದ ಇರಬಹುದೆಂಬ ಸರಳ ಅನುಮಾನ ಮಾತ್ರ ಎಲ್ಲೋ ದಮನವಾಗಿಬಿಟ್ಟಿತು.

ಹೆಡ್ಸ್ ಬಿದ್ದರೆ ನಾನು ಗೆದ್ದೆ, ಟೇಲ್ಸ್ ಬಿದ್ದರೆ ನೀನು ಸೋತೆ, ಇದೆಂಥ ಆಟ ಎಂಬ ಆಕ್ಷೇಪ ಫ್ರಾಯ್ಡ್ ಕಿವಿಗೂ ಬಿದ್ದಿತ್ತು. 1937ರ ಪ್ರಬಂಧವೊಂದರಲ್ಲಿ ಅದನ್ನು ಅವರೇ ಎತ್ತಿಕೊಂಡು ಉತ್ತರ ಕೊಟ್ಟರು. ರೋಗಿ ‘ಹೌದು’ ಅಂದರೂ ನಾವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ ಎಂಬುದು ಅವರ ಉತ್ತರದ ಒಂದು ಭಾಗ. ಸದ್ಯ, ರೋಗಿಗಳಿಗೆ ಎಷ್ಟು ನೆಮ್ಮದಿಯಾಗಿರಬೇಕು!

ರೋಗಿಗಳ ಕಥೆ ಹಾಗಿರಲಿ, ಗುರುಶಿಷ್ಯರೂ ಒಬ್ಬರನ್ನೊಬ್ಬರು ಬಿಡಲಿಲ್ಲ. 1912ರ ಡಿಸೆಂಬರಿನಲ್ಲಿ ಶಿಷ್ಯ ಕಾರ್ಲ್ ಯೂಂಗ್, ಗುಂಪು ಬಿಟ್ಟು ಹೋಗಿದ್ದ ಆಲ್ಫ್ರೆಡ್ ಆಡ್ಲರ್ ಕಡೆಯವನು ನಾನಲ್ಲ ಎಂದು ಫ್ರಾಯ್ಡ್‌ಗೆ ಭರವಸೆ ಕೊಡುವ ಪತ್ರದಲ್ಲಿ ಒಂದೇ ಒಂದು ಅಕ್ಷರವನ್ನು ಕ್ಯಾಪಿಟಲ್‌ನಲ್ಲಿ ಬರೆದುಬಿಟ್ಟರು. ಜರ್ಮನ್‌ನಲ್ಲಿ ಅಷ್ಟಕ್ಕೇ ‘ಅವರ ಕಡೆಯವನಲ್ಲ’ ಎಂಬುದು ‘ನಿಮ್ಮ ಕಡೆಯವನಲ್ಲ’ ಎಂದಾಯಿತು. ಫ್ರಾಯ್ಡ್ ಬಿಟ್ಟಾರೆಯೇ? ಸಿಟ್ಟಾಗದೆ ಈ ತಪ್ಪನ್ನು ಪರಿಶೀಲಿಸಬಲ್ಲಿರಾ ಎಂದು ಕೇಳಿದರು. ಯೂಂಗ್ ಸಿಟ್ಟಾದರು. ಶಿಷ್ಯರನ್ನೆಲ್ಲ ರೋಗಿಗಳ ಹಾಗೆ ನೋಡುತ್ತೀರಿ ಎಂದು ಹರಿಹಾಯ್ದರು. ಮುಂದಿನ ತಿಂಗಳೇ ನಮ್ಮ ಖಾಸಗಿ ಒಡನಾಟ ಸಾಕು ಎಂದು ಫ್ರಾಯ್ಡ್ ಬರೆದರು. ಮನಸ್ಸಿನ ಆಳ ಬಲ್ಲ ಇಬ್ಬರು ಮಹಾನುಭಾವರ ಸ್ನೇಹ ಒಂದಕ್ಷರದ ಮೇಲೆ ಮುಗ್ಗರಿಸಿತು. ಅಷ್ಟು ಬಲ್ಲ ನಮಗೆ ಹೀಗೇಕಾಯಿತು ಎಂದು ಅವರಲ್ಲೊಬ್ಬರಿಗಾದರೂ ಅನ್ನಿಸಿರಬಹುದು. ಅನ್ನಿಸಿಲ್ಲ ಎಂದರೆ ಏನರ್ಥ ಎಂಬುದು ಮೇಲೆ ಹೇಳಿದೆ.

ಆ ಆಡ್ಲರ್ ಏನು ಕಮ್ಮಿ? ಅವರ ಅಂಗಡಿಯಲ್ಲಿ ಎಲ್ಲ ಕಾಯಿಲೆಗೂ ಕೀಳರಿಮೆಯೇ ಕಾರಣ. 1919ರಲ್ಲಿ, ಮುಂದೆ ದೊಡ್ಡ ತತ್ವಜ್ಞಾನಿಯಾದ ತರುಣ ಕಾರ್ಲ್ ಪಾಪರ್ ಒಂದು ಮಗುವಿನ ವಿಷಯ ಹೇಳಿದಾಗ ಆಡ್ಲರ್ ತಡವರಿಸಲೇ ಇಲ್ಲ. ಮಗುವನ್ನು ನೋಡಿಯೂ ಇರಲಿಲ್ಲ. ಅಷ್ಟು ಖಾತ್ರಿ ಹೇಗೆ ಎಂದು ಕೇಳಿದರೆ, ಸಾವಿರ ಪಟ್ಟು ಅನುಭವವಿದೆ ಎಂದರು. ಈಗ ಇದೂ ಸೇರಿ ಸಾವಿರದ ಒಂದು ಆಯಿತಲ್ಲ ಎಂದರಂತೆ ಪಾಪರ್. ಮುಂದೆ ಇದೇ ಎಳೆ ಹಿಡಿದು ಅವರು ಕೇಳಿದ ಪ್ರಶ್ನೆ ಇದು: ಒಬ್ಬ ಮಗುವನ್ನು ನೀರಿಗೆ ತಳ್ಳುತ್ತಾನೆ, ಇನ್ನೊಬ್ಬ ಪ್ರಾಣ ಕೊಟ್ಟು ಕಾಪಾಡುತ್ತಾನೆ. ಫ್ರಾಯ್ಡ್ ಪ್ರಕಾರ ತಳ್ಳಿದವನದು ದಮನ, ಹಾರಿದವನದು ಉದಾತ್ತೀಕರಣ, ಅಂದರೆ ಅದೇ ಬಯಕೆಯನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸಿಕೊಂಡದ್ದು. ಆಡ್ಲರ್ ಪ್ರಕಾರ ಇಬ್ಬರದೂ ಕೀಳರಿಮೆ. ಹೇಗೆ ನಡೆದರೂ ಸರಿಹೊಂದುವ ಸಿದ್ಧಾಂತ ಯಾವುದನ್ನು ತಾನೇ ಹೇಳಿದಂತಾಯಿತು?

ನೋಡದೆಯೇ ರೋಗ ಹೇಳುವ ಚಟ ಆಮೇಲೆ ಸಾಮೂಹಿಕವಾಯಿತು. 1964ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ‘ಫ್ಯಾಕ್ಟ್’ ಎಂಬ ಪತ್ರಿಕೆ, ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಮಾನಸಿಕವಾಗಿ ಅಧ್ಯಕ್ಷರಾಗಲು ಯೋಗ್ಯರೇ ಎಂದು 12,356 ಮನೋವೈದ್ಯರಿಗೆ ಪತ್ರ ಬರೆಯಿತು. 2,417 ಮಂದಿ ಉತ್ತರಿಸಿದರು, 1,189 ಮಂದಿ ಯೋಗ್ಯರಲ್ಲ ಎಂದರು. ಆ ಮನುಷ್ಯನನ್ನು ಪರೀಕ್ಷಿಸದೆಯೇ ಅವನ ತೊಟ್ಟಿಲ ತನಕ ಹೋಗಿಬಂದ ವೈದ್ಯರೂ ಇದ್ದರು. ಗೋಲ್ಡ್‌ವಾಟರ್ ಚುನಾವಣೆ ಸೋತರು, ಕೋರ್ಟಿನಲ್ಲಿ ಪತ್ರಿಕೆಯ ವಿರುದ್ಧ ಗೆದ್ದು 75,000 ಡಾಲರ್ ದಂಡ ಕಕ್ಕಿಸಿದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ, ಪರೀಕ್ಷಿಸದೆ, ಒಪ್ಪಿಗೆ ಇಲ್ಲದೆ ಯಾರ ಮನಸ್ಸಿನ ಬಗ್ಗೆಯೂ ಬಹಿರಂಗವಾಗಿ ತೀರ್ಪು ಕೊಡಕೂಡದು ಎಂಬ ನಿಯಮ ಮಾಡಿತು. ಪರಿಣಾಮ ಏನಾಯಿತೆಂದರೆ, ಓದಿದವರ ಬಾಯಿಗೆ ಬೀಗ ಬಿತ್ತು. ಓದದವರಿಗೆ ಯಾವ ಸಂಘವೂ ಇಲ್ಲ, ಯಾವ ನಿಯಮವೂ ಇಲ್ಲ, ಮೈದಾನವೆಲ್ಲ ಅವರದೇ.

ದಿನಕ್ಕೆ ಎಂಟು ಗಂಟೆ ಜನ ನನ್ನನ್ನೇ ದಿಟ್ಟಿಸುತ್ತಿದ್ದರೆ ತಡೆಯಲಾರೆ ಎಂದು ಫ್ರಾಯ್ಡ್ ರೋಗಿಯ ತಲೆಯ ಹಿಂದೆ ಕೂರುತ್ತಿದ್ದರು. ಕೂತು, ತಿಂಗಳುಗಟ್ಟಲೆ ಕೇಳುತ್ತಿದ್ದರು. ತಪ್ಪು ತೀರ್ಮಾನಕ್ಕೆ ಬರಲಿಕ್ಕೂ ಅವರಿಗೆ ಅಷ್ಟು ಶ್ರಮ ಬೇಕಿತ್ತು. ಈಗಿನವರು ಕ್ಯಾಮೆರಾದ ಮುಂದೆ ಕೂತು ಮೂವತ್ತು ಸೆಕೆಂಡಿನಲ್ಲಿ ನಿಮ್ಮ ಅತ್ತೆ ನಾರ್ಸಿಸಿಸ್ಟ್, ತನ್ನನ್ನೇ ತಾನು ಮೋಹಿಸುವವಳು ಎಂದು ಸಾಬೀತು ಮಾಡುತ್ತಾರೆ. ಆ ಅತ್ತೆ ಅದೇ ವಿಡಿಯೊ ನೋಡಿ ಸೊಸೆಯಲ್ಲಿ ಅವೇ ಲಕ್ಷಣ ಗುರುತಿಸಿರುತ್ತಾರೆ.

ಇದು ಕಚೇರಿಗೂ ಹೊಕ್ಕಿದೆ. ಸಂಬಳ ಹೆಚ್ಚಿಸಿ ಎಂದು ಕೇಳಿದ ನೌಕರನನ್ನು ಮನಃಸ್ವಾಸ್ಥ್ಯ ಕಾರ್ಯಾಗಾರಕ್ಕೆ ಕಳಿಸುತ್ತಾರೆ. ಹೊರಗಿನವರ ಮೆಚ್ಚುಗೆಗೆ ಯಾಕಿಷ್ಟು ಹಂಬಲಿಸುತ್ತೀರಿ ಎಂದು ತರಬೇತುದಾರರು ಕೇಳುತ್ತಾರೆ. ಮೆಚ್ಚುಗೆ ಅಲ್ಲ ಮೇಡಂ, ಮನೆ ಬಾಡಿಗೆ ಅನ್ನುತ್ತಾನೆ. ಪ್ರತಿರೋಧ. ಸುಮ್ಮನಾಗುತ್ತಾನೆ. ಅದುಮಿಟ್ಟ ಆಕ್ರೋಶ. ತಡೆಯಲಾರದೆ ನಗುತ್ತಾನೆ. ಹಾಸ್ಯವೂ ಒಂದು ರಕ್ಷಣಾತಂತ್ರ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಕೊನೆಗೆ ರಾಜೀನಾಮೆ ಕೊಟ್ಟು, ಕಾರಣದ ಜಾಗದಲ್ಲಿ ‘ಸಂಬಳ ಸಾಲದು’ ಎಂದು ಎರಡೇ ಪದ ಬರೆದು ಹೋದ. ಅಧಿಕಾರಿ ಕನ್ನಡಕ ಏರಿಸಿಕೊಂಡು ಅದನ್ನೊಮ್ಮೆ ಓದಿ, ‘ತಂದೆಯ ಮೇಲಿನ ಕೋಪ ಇನ್ನೂ ಶಮನವಾಗಿಲ್ಲ’ ಎಂದು ಷರಾ ಬರೆದು ಫೈಲು ಮುಚ್ಚಿದರು.