ಬಿದ್ದವನಿಗೆ ಮಾತ್ರ ಫೌಲ್ ಕೊಟ್ಟರೆ ಎಲ್ಲರೂ ಬೀಳುತ್ತಾರೆ

2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳು ರೆಫರಿಗಳ ಬಗ್ಗೆ ಎರಡು ವಾದ ಮಾಡಿದರು. ಒಂದಕ್ಕೊಂದು ತಾಳೆಯಾಗದ ವಾದಗಳು. ಮಾರ್ಚ್ 3ರಂದು ಕಂಠೀರವದಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ) ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್ ಪಂದ್ಯ, ಎದುರಿಗೆ ಕೇರಳ ಬ್ಲಾಸ್ಟರ್ಸ್. 90 ನಿಮಿಷದಲ್ಲಿ ಗೋಲ್ ಇಲ್ಲ. ಹೆಚ್ಚುವರಿ ಸಮಯದಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್‌ನವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿದರು. ಅವರ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿನಿಂದ ತಮ್ಮ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಅವತ್ತು ನಾವೆಲ್ಲ ಹೇಳಿದ್ದು "ರೆಫರಿ ಮಾತೇ ಕೊನೆ, ಸುಮ್ಮನೆ ಆಡಬೇಕು" ಅಂತ. ಹದಿನೈದು ದಿನ ಕಳೆದು ಮಾರ್ಚ್ 18ಕ್ಕೆ ಗೋವಾದ ಫತೋರ್ಡಾದಲ್ಲಿ ಫೈನಲ್. ಬಿಎಫ್‌ಸಿ 2-1ರಿಂದ ಮುಂದಿತ್ತು. 85ನೇ ನಿಮಿಷದಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಪೆನಾಲ್ಟಿ ಸಿಕ್ಕಿತು, 2-2 ಆಯಿತು, ಶೂಟೌಟ್‌ನಲ್ಲಿ 4-3ರಿಂದ ಸೋತೆವು. ಫೌಲ್ ಆದದ್ದು ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಜಾಗ) ಒಳಗೋ ಹೊರಗೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಅವತ್ತು ನಾವೇ ವಿಎಆರ್, ಅಂದರೆ ರೆಫರಿಗೆ ವಿಡಿಯೋ ನೆರವು, ಬೇಕೇ ಬೇಕು ಎಂದು ಕೂಗಿದೆವು.

ಪ್ರೀತಿಯ ತಂಡ ಸೋತಾಗ ಹೊಟ್ಟೆ ಉರಿಯುವುದು ಸಹಜ. ಆದರೆ ನಿಯಮ ಏನು ಹೇಳುತ್ತದೆ ಎಂದು ನೋಡದೆ ಜಗಳ ಆಡಿದರೆ ಆಟಕ್ಕೆ ಏನೂ ಸಿಗುವುದಿಲ್ಲ. ಛೆಟ್ರಿ ಗೋಲನ್ನೇ ತೆಗೆದುಕೊಳ್ಳಿ. ಫ್ರೀ ಕಿಕ್ ಹೊಡೆಯುವಾಗ ಎದುರಾಳಿಗಳು 9.15 ಮೀಟರ್, ಅಂದರೆ ಹತ್ತು ಗಜ ದೂರ ಇರಬೇಕು. ಆ ದೂರ ಇರುವುದು ಫೌಲ್ ತಿಂದ ತಂಡದ ಅನುಕೂಲಕ್ಕೆ. ಅದು ಬೇಡ ಎಂದರೆ ಅವರು ತಕ್ಷಣ ಹೊಡೆಯಬಹುದು, ಸೀಟಿಗೆ ಕಾಯಬೇಕಾಗಿಲ್ಲ. ಫೌಲ್ ಮಾಡಿದ ತಂಡಕ್ಕೆ ಗೋಡೆ ಕಟ್ಟಲು ಸಮಯ ಕೊಡಬೇಕೆಂಬ ಸಾಲು ನಿಯಮದಲ್ಲಿ ಎಲ್ಲೂ ಇಲ್ಲ. ಆದರೆ ಹೊಡೆಯುವ ತಂಡವೇ "ಅವರನ್ನು ಹಿಂದೆ ಕಳಿಸಿ" ಎಂದು ಕೇಳಿದರೆ, ರೆಫರಿ ಕಾರ್ಡ್ ತೆಗೆದರೆ, ಗಾಯಾಳುವನ್ನು ನೋಡಲು ಅಥವಾ ಆಟಗಾರನನ್ನು ಬದಲಿಸಲು ಆಟ ನಿಂತರೆ, ಆಮೇಲೆ ಸೀಟಿ ಆಗದೆ ಹೊಡೆಯುವಂತಿಲ್ಲ. ಸೀಟಿ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎನ್ನುವುದು ಛೆಟ್ರಿ ಮಾತು. ನನ್ನ ಲೆಕ್ಕದಲ್ಲಿ ಆ ಗೋಲ್ ನಿಯಮಬದ್ಧ. ಆದರೆ ಅಂಥ ಹೊತ್ತಲ್ಲಿ ರೆಫರಿಯ ಕೈಸನ್ನೆ ಮೈದಾನದ ಇಪ್ಪತ್ತೆರಡೂ ಜನಕ್ಕೆ ಅರ್ಥವಾಗುವಷ್ಟು ಸ್ಪಷ್ಟವಾಗಿರಬೇಕಿತ್ತು. ಸೀಟಿಗೆ ಕಾಯಬೇಕು ಎಂದಾದರೆ ಸೀಟಿಯನ್ನು ಮೇಲೆತ್ತಿ ಬೆರಳಲ್ಲಿ ತೋರಿಸುವುದು ಎಲ್ಲ ದರ್ಜೆಯ ರೆಫರಿಗಳಿಗೂ ಕಲಿಸುವ ಪಾಠ. ಹೊರನಡೆದದ್ದಕ್ಕೆ ಬ್ಲಾಸ್ಟರ್ಸ್ ತೆತ್ತ ಬೆಲೆ ಎಲ್ಲರಿಗೂ ಗೊತ್ತು: ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ಈಗ ಡೈವಿಂಗ್, ಅಂದರೆ ಫೌಲ್ ಆದಂತೆ ನಟಿಸಿ ಬೀಳುವ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ತಿಳಿವಳಿಕೆ ಇನ್ನೂ ತೆಳು.

ಟಿವಿ ಮುಂದೆ ಕೂತವರು ರೀಪ್ಲೇ ನೋಡಿ ಮೊದಲು ಹೇಳುವುದು "ಟಚ್ ಆಯ್ತಲ್ಲ, ಪೆನಾಲ್ಟಿ" ಅಥವಾ "ಟಚ್ಚೇ ಆಗಿಲ್ಲ, ಡೈವ್" ಅಂತ. ಎರಡೂ ತಪ್ಪು. ಫುಟ್‌ಬಾಲ್ ಮೈಗೆ ಮೈ ತಾಗುವ ಆಟ. ಚೆಂಡು ಆಡುವಷ್ಟು ಹತ್ತಿರದಲ್ಲಿದ್ದಾಗ ಹೆಗಲಿಗೆ ಹೆಗಲು ಕೊಟ್ಟು ಒತ್ತುವುದು ಪೂರ್ತಿ ಸರಿ. ತಾಗುವಿಕೆ ಫೌಲ್ ಆಗಬೇಕಾದರೆ ಅದರಲ್ಲಿ ಕನಿಷ್ಠ ಅಜಾಗರೂಕತೆ ಇರಬೇಕು. ಬರೀ ಅಜಾಗರೂಕತೆ ಆದರೆ ಫೌಲ್ ಅಷ್ಟೇ, ಕಾರ್ಡ್ ಇಲ್ಲ. ಎದುರಾಳಿಗೆ ಏನಾದೀತು ಎಂಬ ಪರಿವೆಯೇ ಇಲ್ಲದೆ ನುಗ್ಗಿದರೆ ಹಳದಿ, ಬೇಕಾದ್ದಕ್ಕಿಂತ ಅತಿ ಬಲ ಹಾಕಿ ಮೈಗೆ ಅಪಾಯ ತಂದರೆ ಕೆಂಪು. ಇನ್ನೊಂದು ಕಡೆ, ತಾಗದಿದ್ದರೂ ಫೌಲ್ ಆಗಬಹುದು. ಒದೆಯುವ ಪ್ರಯತ್ನ, ಕಾಲು ಕೊಟ್ಟು ಬೀಳಿಸುವ ಪ್ರಯತ್ನ ಎರಡನ್ನೂ 12ನೇ ನಿಯಮ ಅಪರಾಧ ಎಂದೇ ಹೇಳುತ್ತದೆ. ಬೂಟಿನ ಅಡಿಯ ಸ್ಟಡ್ ಮೇಲೆತ್ತಿ ಜಾರಿ ಬರುವ ಡಿಫೆಂಡರ್‌ನಿಂದ ಕಾಲು ಉಳಿಸಿಕೊಳ್ಳಲು ಒಬ್ಬ ಹಾರಿ ಬಿದ್ದರೆ ಅವನನ್ನು ಮೋಸಗಾರ ಎನ್ನುವುದು ಅನ್ಯಾಯ.

ಹಾಗಾದರೆ ಡೈವ್ ಗುರುತಿಸುವುದು ಹೇಗೆ? ಬಿದ್ದದ್ದನ್ನು ನೋಡುವ ಮೊದಲು ಚೆಂಡನ್ನು ನೋಡಿ. ವಿಂಗರ್ ಬಾಕ್ಸ್ ಒಳಗೆ ನುಗ್ಗುತ್ತಾನೆ, ಕೊನೆಯ ಟಚ್ ಉದ್ದವಾಗಿ ಚೆಂಡು ಗೋಲ್ ಲೈನ್ ಕಡೆ ಓಡುತ್ತದೆ, ಅದು ಇನ್ನು ಸಿಗುವುದಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಡೈವ್‌ಗೆ ಕಾರಣ ಹುಟ್ಟುವುದೇ ಆ ಕ್ಷಣ. ಆಮೇಲೆ ಕಾಲುಗಳನ್ನು ನೋಡಿ. ಡಿಫೆಂಡರ್ ಕಾಲು ನೆಲಕ್ಕೆ ಊರಿ ನಿಂತಿದ್ದಾನೆ. ಓಡುವವನ ಮುಂಗಾಲು ದಾಟಿ ಹೋಗಿದೆ, ಹಿಂಗಾಲು ಮಾತ್ರ ಸಹಜವಾಗಿ ಮುಂದಕ್ಕೆ ಬರುವ ಬದಲು ಪಕ್ಕಕ್ಕೆ ಚಾಚಿ ಡಿಫೆಂಡರ್‌ನ ಕಣಕಾಲನ್ನು ಹುಡುಕಿಕೊಂಡು ಹೋಗುತ್ತದೆ. ತಾಗಿದ್ದು ನಿಜ, ತಾಗಿಸಿಕೊಂಡವನು ಓಡುವವನು. ಯಾರ ಕಾಲು ತನ್ನ ದಾರಿ ಬಿಟ್ಟಿತು ಎಂಬ ಒಂದು ಪ್ರಶ್ನೆ ಕೇಳಿಕೊಂಡರೆ ಬಹಳಷ್ಟು ಪೆನಾಲ್ಟಿ ವಾದಗಳು ಅಲ್ಲೇ ಮುಗಿಯುತ್ತವೆ.

ಬೀಳುವ ರೀತಿಯೂ ಸಾಕಷ್ಟು ಹೇಳುತ್ತದೆ. ನಿಜವಾಗಿ ಎಡವಿದವನ ಮೈ ಓಡುತ್ತಿದ್ದ ದಿಕ್ಕಿಗೇ ಬೀಳುತ್ತದೆ, ಮುಖ ಉಳಿಸಿಕೊಳ್ಳಲು ಕೈಗಳು ತಾವಾಗಿಯೇ ಮುಂದಕ್ಕೂ ಕೆಳಕ್ಕೂ ಹೋಗುತ್ತವೆ. ಬೇಕೆಂದೇ ಬೀಳುವವನ ತಲೆ ಹಿಂದಕ್ಕೆ, ಎದೆ ಮುಂದಕ್ಕೆ, ಎರಡೂ ಕೈ ಮೇಲಕ್ಕೆ, ಮಂಡಿ ಮಡಚಿ, ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿರುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಪಾಲ್ ಮಾರಿಸ್ ಇದನ್ನೇ ಅಧ್ಯಯನ ಮಾಡಿ, ಈ ಬಿಲ್ಲಿನ ಭಂಗಿ ಸಹಜ ಬೀಳುವಿಕೆಯಲ್ಲಿ ಬರುವುದಿಲ್ಲ ಎಂದು ತೋರಿಸಿದ್ದಾರೆ. ಸಮತೋಲನ ತಪ್ಪಿದ ಮನುಷ್ಯ ಕೈಯನ್ನು ಆಕಾಶಕ್ಕೆ ಎತ್ತುವುದಿಲ್ಲ.

ಆದರೂ ಇದನ್ನು ಕುರುಡಾಗಿ ಬಳಸಬಾರದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡುವವನ ಹಿಂಗಾಲಿನ ಹಿಮ್ಮಡಿಗೆ ಸಣ್ಣಗೆ ತಾಗಿದರೂ ಸಾಕು, ಆ ಪಾದ ಅವನದೇ ಇನ್ನೊಂದು ಕಾಲಿನ ಮೀನಖಂಡಕ್ಕೆ ಬಡಿದು ಅವನು ಮುಗ್ಗರಿಸುತ್ತಾನೆ. ಸ್ಲೋ ಮೋಷನ್‌ನಲ್ಲಿ ಅದೇ ದೃಶ್ಯ "ಇಷ್ಟು ತಾಗಿದ್ದಕ್ಕೆ ಇಷ್ಟು ನಾಟಕವಾ" ಎನ್ನುವಂತೆ ಕಾಣುತ್ತದೆ, ಯಾಕೆಂದರೆ ಅಲ್ಲಿ ವೇಗವೇ ಕಾಣೆಯಾಗಿರುತ್ತದೆ. ವಿಎಆರ್ ನಿಯಮಾವಳಿಯಲ್ಲೇ ಈ ಎಚ್ಚರಿಕೆ ಇದೆ: ಎಲ್ಲಿ ತಾಗಿತು, ಚೆಂಡು ಗೆರೆ ದಾಟಿತೇ ಎಂಬಂಥ ವಾಸ್ತವಾಂಶಗಳಿಗೆ ಸ್ಲೋ ಮೋಷನ್ ಬಳಸಬೇಕು, ತಾಗಿದ ತೀವ್ರತೆಯನ್ನು ಅಳೆಯುವಾಗ ಮಾಮೂಲಿ ವೇಗದಲ್ಲೇ ನೋಡಬೇಕು. ಟಿವಿಯವರು ಮಾಡುವುದು ಸಾಮಾನ್ಯವಾಗಿ ಇದರ ಉಲ್ಟಾ. ಜನರ ಸಿಟ್ಟಿನಲ್ಲಿ ಒಂದು ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ.

ಫೌಲೂ ಅಲ್ಲದ, ಡೈವೂ ಅಲ್ಲದ ಬೀಳುವಿಕೆಯೂ ಇದೆ. ಒದ್ದೆ ಹುಲ್ಲಲ್ಲಿ ಜಾರಿದ, ಇಬ್ಬರೂ ಒಟ್ಟಿಗೆ ಚೆಂಡಿಗೆ ಹೋಗಿ ಎಡವಿಕೊಂಡರು, ಅಷ್ಟೇ. ರೆಫರಿ ಕೈ ಬೀಸಿ ಆಟ ಮುಂದುವರಿಸಿದರೆ "ಪೆನಾಲ್ಟಿ ಅಲ್ಲ ಅಂದ್ರೆ ಹಳದಿ ಯಾಕಿಲ್ಲ" ಎಂದು ಕಿರುಚುವುದಕ್ಕೆ ಅರ್ಥವಿಲ್ಲ. ಹಳದಿ ಕೊಡಲು ರೆಫರಿಗೆ ಮೋಸದ ಉದ್ದೇಶ ಖಾತ್ರಿಯಾಗಬೇಕು. ಖಾತ್ರಿಯಾಗಿ ಆಟ ನಿಲ್ಲಿಸಿದರೆ ಶಿಕ್ಷೆ ಎಂದರೆ ಒಂದು ಹಳದಿ ಕಾರ್ಡ್ ಮತ್ತು ಎದುರಾಳಿಗೆ ಇನ್‌ಡೈರೆಕ್ಟ್ (ನೇರವಾಗಿ ಗೋಲ್ ಹೊಡೆಯಲಾಗದ) ಫ್ರೀ ಕಿಕ್.

ಆಟಗಾರನ ತಲೆಯಲ್ಲಿ ನಡೆಯುವ ಲೆಕ್ಕ ಇದು: ಸರಾಸರಿ ಪಂದ್ಯದಲ್ಲಿ ಎರಡೂ ತಂಡ ಸೇರಿ ಹೊಡೆಯುವುದೇ ಎರಡೂವರೆಯಿಂದ ಮೂರು ಗೋಲು. ಪೆನಾಲ್ಟಿ ಸಿಕ್ಕರೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಸಲ ಗೋಲ್. ಸಿಕ್ಕಿಬಿದ್ದರೆ ಒಂದು ಹಳದಿ. ಬಹಳ ಸಲ ಅದೂ ಇಲ್ಲ. 2018ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ ವಿರುದ್ಧ ನೇಮಾರ್ ಹಿಂದಕ್ಕೆ ಬಿದ್ದರು, ರೆಫರಿ ಬ್ಯೋರ್ನ್ ಕೈಪರ್ಸ್ ಪೆನಾಲ್ಟಿ ಕೊಟ್ಟರು, ವಿಎಆರ್ ನೋಡಿ ವಾಪಸ್ ತೆಗೆದುಕೊಂಡರು. ಡೈವ್‌ಗೆ ಕಾರ್ಡ್ ಮಾತ್ರ ಬರಲಿಲ್ಲ. 2002ರ ವಿಶ್ವಕಪ್‌ನಲ್ಲಿ ಟರ್ಕಿಯ ಹಕನ್ ಉನ್ಸಲ್ ಒದ್ದ ಚೆಂಡು ಕಾಲಿಗೆ ತಾಗಿದರೆ ಬ್ರೆಜಿಲ್‌ನ ರಿವಾಲ್ಡೊ ಮುಖ ಹಿಡಿದುಕೊಂಡು ಬಿದ್ದರು. ಉನ್ಸಲ್ ಕೆಂಪು ಕಾರ್ಡ್ ಕಂಡು ಹೊರಗೆ ಹೋದರು. ರಿವಾಲ್ಡೊಗೆ ಫಿಫಾ ದಂಡ ಹಾಕಿತು, ಆದರೆ ಮುಂದಿನ ಪಂದ್ಯದಲ್ಲಿ ಚೀನಾ ವಿರುದ್ಧ ಅವರು ಗೋಲ್ ಕೂಡ ಹೊಡೆದರು. ಲಾಭ ಇಷ್ಟು, ನಷ್ಟ ಇಷ್ಟೇ ಎಂದಾದರೆ ನೀತಿಪಾಠದಿಂದ ಯಾರು ಬದಲಾಗುತ್ತಾರೆ?

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಈ ಬರಹ ಬರೆಯುತ್ತಿರುವುದೇ ಅದಕ್ಕಾಗಿ. ನಿಜವಾಗಿ ಫೌಲ್ ತಿಂದು, ಬೀಳದೆ ನಿಂತವನಿಗೆ ಏನು ಸಿಗುತ್ತದೆ? ಬಾಕ್ಸ್ ಒಳಗೆ ಡಿಫೆಂಡರ್ ಸ್ಟ್ರೈಕರ್‌ನ ಅಂಗಿ ಹಿಡಿದು ಎಳೆಯುತ್ತಾನೆ. ಸ್ಟ್ರೈಕರ್ ಹೇಗೋ ಕಾಲ ಮೇಲೆ ನಿಂತು, ಹೆಗಲು ಹಿಂದಕ್ಕೆ ಎಳೆದುಕೊಂಡೇ ಇರುವಾಗ ಬಲವಿಲ್ಲದ ಒಂದು ಶಾಟ್ ಹೊಡೆಯುತ್ತಾನೆ, ಚೆಂಡು ಗೋಲಿಯ ಕೈಗೆ ಹೋಗುತ್ತದೆ. ಆಟ ಮುಂದುವರಿಯುತ್ತದೆ. ಅದೇ ಅವನು ಎಳೆತಕ್ಕೆ ಕುಸಿದಿದ್ದರೆ ಪೆನಾಲ್ಟಿ. ಫೌಲ್ ಎರಡರಲ್ಲೂ ಒಂದೇ! ನಿಯಮ ಇಲ್ಲಿ ರೆಫರಿಯ ಕೈ ಕಟ್ಟಿಲ್ಲ. ಅಡ್ವಾಂಟೇಜ್ ಕೊಟ್ಟು, ಅಂದರೆ ಫೌಲ್ ಆದರೂ ಆಟ ಮುಂದುವರಿಯಲು ಬಿಟ್ಟು ನೋಡಿ, ಕೆಲವು ಸೆಕೆಂಡಿನೊಳಗೆ ಅದು ಫಲಿಸದಿದ್ದರೆ ಮೂಲ ಫೌಲ್‌ಗೇ ವಾಪಸ್ ಬರಬಹುದು. ಬಾಕ್ಸ್ ಒಳಗೆ ಎಳೆತ ಕಂಡ ರೆಫರಿ ಸೀಟಿಯನ್ನು ತುಟಿಗಿಟ್ಟು ಒಂದೆರಡು ಸೆಕೆಂಡ್ ಕಾಯಲಿ. ಗೋಲಾದರೆ ಗೋಲ್, ಎಳೆತದಿಂದಲೇ ಶಾಟ್ ಕೆಟ್ಟರೆ ಪೆನಾಲ್ಟಿ. ಇದನ್ನು ಮಾಡುವ ರೆಫರಿಗಳು ತೀರಾ ಕಡಿಮೆ. ಉಳಿದವರು ತಮಗೆ ಗೊತ್ತಿಲ್ಲದೆಯೇ ಆಟಗಾರರಿಗೆ ಬೀಳುವುದನ್ನು ಕಲಿಸುತ್ತಿದ್ದಾರೆ. ಹೆಚ್ಚೆಸ್ಸಾರ್, ಕೋರಮಂಗಲದ ಟರ್ಫ್‌ಗಳಲ್ಲಿ ರಾತ್ರಿ ಹೊತ್ತು ಐದೈದು ಜನ ರೆಫರಿ ಇಲ್ಲದೆ ಆಡುವುದನ್ನು ನೋಡಿ. ಜಗಳ ಇರುತ್ತದೆ, ಡೈವ್ ಕಾಣಿಸುವುದೇ ಅಪರೂಪ. ನಂಬಿಸಬೇಕಾದ ವ್ಯಕ್ತಿಯೇ ಅಲ್ಲಿಲ್ಲ.

ವಿಎಆರ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಒಂದು ಮಾತು. 2024ರ ಜೂನ್ 11ರಂದು ದೋಹಾದಲ್ಲಿ ಕತಾರ್ ವಿರುದ್ಧ ನಮಗಾದದ್ದು ವಾಸ್ತವಾಂಶದ ತಪ್ಪು. ಛಾಂಗ್ಟೆ ಗೋಲಿನಿಂದ ಭಾರತ 1-0 ಮುಂದಿತ್ತು. 73ನೇ ನಿಮಿಷದಲ್ಲಿ ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಕತಾರ್‌ನ ಒಬ್ಬ ಆಟಗಾರ ಒಳಗೆಳೆದರು, ಯೂಸುಫ್ ಅಯ್ಮನ್ ಗೋಲ್ ಹೊಡೆದರು. ನಮ್ಮವರು ಚೆಂಡು ಹೊರಗೆ ಹೋಯಿತು ಎಂದು ಆಟ ನಿಲ್ಲಿಸಿದ್ದರು, ಸೀಟಿ ಬರಲೇ ಇಲ್ಲ. 2-1ರಿಂದ ಸೋತು ವಿಶ್ವಕಪ್ ಅರ್ಹತೆಯ ಮೂರನೇ ಸುತ್ತು ಕೈತಪ್ಪಿತು. ಆ ಪಂದ್ಯದಲ್ಲಿ ವಿಎಆರ್ ಇರಲಿಲ್ಲ, ಇದ್ದಿದ್ದರೆ ಅದು ಒಂದು ನಿಮಿಷದ ಕೆಲಸ. ಆದರೆ ಡೈವ್ ಎನ್ನುವುದು ಉದ್ದೇಶದ ಪ್ರಶ್ನೆ. ಅಲ್ಲದೆ ವಿಎಆರ್ ಕಣ್ಣಿಡುವುದು ಗೋಲ್, ಪೆನಾಲ್ಟಿ, ಕೆಂಪು ಕಾರ್ಡಿನಂಥ ದೊಡ್ಡ ತೀರ್ಮಾನಗಳ ಮೇಲೆ, ಅದೂ ಸ್ಪಷ್ಟವಾದ ತಪ್ಪು ಕಂಡಾಗ. ಮಿಡ್‌ಫೀಲ್ಡ್‌ನಲ್ಲಿ ಬಿದ್ದು ಫ್ರೀ ಕಿಕ್ ಗಿಟ್ಟಿಸುವವನನ್ನು ಅದು ಮುಟ್ಟುವುದಿಲ್ಲ.

ಮೈದಾನದಲ್ಲೇ ಸುಧಾರಿಸಬಹುದಾದ್ದು ರೆಫರಿ ನಿಲ್ಲುವ ಜಾಗ. ಹತ್ತಿರ ಇರುವುದಕ್ಕಿಂತ ಕೋನ ಮುಖ್ಯ. ಇಬ್ಬರು ಆಟಗಾರರ ಹಿಂದೆ ನೇರವಾಗಿ ಐದು ಮೀಟರ್‌ನಲ್ಲಿ ನಿಂತವನಿಗೆ ಎರಡು ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಪಕ್ಕಕ್ಕೆ ಸರಿದು ಹದಿನೈದು ಮೀಟರ್ ದೂರದಿಂದ ನೋಡಿದರೂ ಇಬ್ಬರ ಕಾಲುಗಳ ನಡುವಿನ ಸಂದು ಕಾಣುತ್ತದೆ, ತಾಗಿತೋ ಇಲ್ಲವೋ ಗೊತ್ತಾಗುತ್ತದೆ. ತಪ್ಪು ಪೆನಾಲ್ಟಿಗಳಲ್ಲಿ ಎಷ್ಟೋ ಬರುವುದು ವೇಗದ ಕೌಂಟರ್ ಅಟ್ಯಾಕ್‌ನಲ್ಲಿ, ರೆಫರಿ ಬೆನ್ನ ಹಿಂದೆ ಸಿಕ್ಕಿಕೊಂಡಾಗ.

ಆಮೇಲೆ ಮಕ್ಕಳ ಆಟ. ಗೌತಮಪುರ, ಆಸ್ಟಿನ್ ಟೌನ್ ಕಡೆ ಫುಟ್‌ಬಾಲ್ ಮನೆಮನೆಯ ವಿಷಯ. ನಗರದ ಉಳಿದ ಕಡೆ ಈಗ ಅಕಾಡೆಮಿಗಳು ಬಂದಿವೆ. 13, 15 ವರ್ಷದೊಳಗಿನ ಪಂದ್ಯಗಳಲ್ಲಿ ಡೈವ್ ಹೊಡೆದ ಹುಡುಗನಿಗೆ "ಎದ್ದೇಳಪ್ಪ" ಎಂದು ಬೆನ್ನು ತಟ್ಟಿ ಬಿಡುವುದು ಪ್ರೀತಿ ಅಲ್ಲ. ಅಲ್ಲೇ ಹಳದಿ ತೋರಿಸಬೇಕು. ಕೋಚ್ ಅವನನ್ನು ಹತ್ತು ನಿಮಿಷ ಹೊರಗೆ ಕೂರಿಸಬೇಕು. ಅದೇ ಪಂದ್ಯದಲ್ಲಿ ಎಳೆದಾಟದ ನಡುವೆಯೂ ನಿಂತು ಆಡಿದ ಹುಡುಗನಿಗೆ ಫೌಲ್ ಕೊಡಲೇಬೇಕು. ಎರಡೂ ಒಟ್ಟಿಗೆ ನಡೆಯಬೇಕು. ಬರೀ ಶಿಕ್ಷೆ ಕೊಟ್ಟು, ನಿಂತವನಿಗೆ ನ್ಯಾಯ ಕೊಡದಿದ್ದರೆ ಹುಡುಗರು ಇನ್ನಷ್ಟು ನಾಜೂಕಾಗಿ ಬೀಳಲು ಕಲಿಯುತ್ತಾರೆ.

ದೊಡ್ಡ ಲೀಗ್‌ಗಳಿಗೆ ಪಂದ್ಯದ ನಂತರದ ವಿಚಾರಣೆ ಬೇಕು. ಇಂಗ್ಲೆಂಡ್ 2017ರಲ್ಲಿ ಇದನ್ನು ತಂದಿತು. ಮೋಸದಿಂದ ಪೆನಾಲ್ಟಿ ಗಿಟ್ಟಿಸಿದ ಅಥವಾ ಎದುರಾಳಿಯನ್ನು ಹೊರಗೆ ಕಳಿಸಿದ ಪ್ರಸಂಗವನ್ನು ಒಬ್ಬ ಮಾಜಿ ಆಟಗಾರ, ಒಬ್ಬ ಮಾಜಿ ಮ್ಯಾನೇಜರ್, ಒಬ್ಬ ಮಾಜಿ ರೆಫರಿ ಬೇರೆ ಬೇರೆಯಾಗಿ ನೋಡುತ್ತಿದ್ದರು. ಮೂವರೂ ಒಪ್ಪಿದರೆ ಎರಡು ಪಂದ್ಯಗಳ ನಿಷೇಧದ ಆರೋಪ. ಎವರ್ಟನ್‌ನ ಉಮರ್ ನಿಯಾಸ್ ಆ ವರ್ಷ ಹೀಗೆ ನಿಷೇಧಕ್ಕೊಳಗಾದ ಮೊದಲ ಪ್ರೀಮಿಯರ್ ಲೀಗ್ ಆಟಗಾರ. ಮೂವರೂ ಒಪ್ಪಬೇಕೆಂಬ ಷರತ್ತು ನನಗೆ ಸರಿ ಕಾಣುತ್ತದೆ. 2009ರಲ್ಲಿ ಸೆಲ್ಟಿಕ್ ವಿರುದ್ಧ ಬಿದ್ದ ಆರ್ಸೆನಲ್‌ನ ಎಡ್ವಾರ್ಡೊಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡು ಪಂದ್ಯ ನಿಷೇಧ ಹಾಕಿ, ಮೇಲ್ಮನವಿಯಲ್ಲಿ ವಾಪಸ್ ತೆಗೆದುಕೊಳ್ಳಬೇಕಾಯಿತು. ಸಂಶಯ ಇದ್ದಾಗ ಶಿಕ್ಷಿಸಿದರೆ ಹೀಗೇ ಆಗುತ್ತದೆ.

ಮ್ಯಾಗ್ರಾತ್ ರಸ್ತೆಯ ಸ್ಟೇಡಿಯಂನಲ್ಲಿ ನಡೆಯುವ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್ ಪಂದ್ಯಗಳಿಗೆ ಪೂರ್ತಿ ವಿಎಆರ್ ತರುವ ಮಾತು ಸದ್ಯಕ್ಕೆ ದೂರದ್ದು. ಅಷ್ಟು ಕ್ಯಾಮೆರಾ, ಬೇರೆ ಕೊಠಡಿ, ತರಬೇತಾದ ವಿಡಿಯೋ ರೆಫರಿಗಳು ಎಲ್ಲಿಂದ ಬರಬೇಕು? ಆದರೆ ಫಿಫಾ 2024ರಲ್ಲಿ ಮಹಿಳೆಯರ 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಇದಕ್ಕಿಂತ ಸರಳವಾದ ವಿಡಿಯೋ ಸಪೋರ್ಟ್ ಪದ್ಧತಿ ಪ್ರಯೋಗಿಸಿತು. ಕ್ರಿಕೆಟ್‌ನ ಡಿಆರ್‌ಎಸ್ ಗೊತ್ತಿದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪ್ರತಿ ಕೋಚ್‌ಗೆ ಪಂದ್ಯಕ್ಕೆ ಎರಡು ಮನವಿ, ಮನವಿ ಸರಿಯಾದರೆ ಅದು ಉಳಿಯುತ್ತದೆ, ಬೇರೆ ವಿಡಿಯೋ ರೆಫರಿ ಇಲ್ಲ, ಮೈದಾನದ ರೆಫರಿಯೇ ಬದಿಗೆ ಬಂದು ಪರದೆಯಲ್ಲಿ ನೋಡಿ ತೀರ್ಮಾನಿಸುತ್ತಾರೆ. ಕಡಿಮೆ ಕ್ಯಾಮೆರಾ ಇರುವ ಟೂರ್ನಿಗಳಿಗೆಂದೇ ರೂಪಿಸಿದ್ದು ಇದು. ಆ ಲೀಗ್‌ನ ಮೇಲಿನ ದರ್ಜೆಯಾದ ನಮ್ಮ ಸೂಪರ್ ಡಿವಿಷನ್‌ನ ಕೊನೆಯ ಹಂತದ ಕೆಲವು ಪಂದ್ಯಗಳಲ್ಲಿ, ಎರಡೂ ಬಾಕ್ಸ್‌ಗಳ ಪಕ್ಕದಿಂದ ಒಂದೊಂದು ಕ್ಯಾಮೆರಾ, ಮಧ್ಯದ ಗ್ಯಾಲರಿಯಿಂದ ಇನ್ನೊಂದು ಇಟ್ಟು, ಅದರ ನಿಯಮ ಮತ್ತು ಒಪ್ಪಿಗೆ ನೋಡಿಕೊಂಡು ಒಂದು ಸೀಸನ್ ಮಾಡಿ ನೋಡಲಿ. ಅದೇ ದೃಶ್ಯಗಳನ್ನು ಮಾರನೇ ವಾರ ರೆಫರಿಗಳ ತರಬೇತಿಯಲ್ಲಿ ಮಾಮೂಲಿ ವೇಗದಲ್ಲಿ ಹಾಕಿ, ಫೌಲ್ ತಿಂದೂ ಬೀಳದೆ ನಿಂತವನಿಗೆ ಎಷ್ಟು ಸಲ ಸೀಟಿ ಊದಿದೆವು ಎಂದು ಅವರೇ ಎಣಿಸಲಿ.