ಫೋಟೊ ಬರೋವರೆಗೂ ಕಾಯಬೇಕಾ?

ನಿನ್ನೆ ರಾತ್ರಿ ಯಾರೋ ಕಳಿಸಿದ ವಿಡಿಯೊ ನೋಡಿದೆ. ಪಕ್ಕೆಲುಬು ಎಣಿಸಬಹುದಾದಷ್ಟು ಸೊರಗಿದ ಮಗು, ಅದರ ಕೆಳಗೆ 'ಈಗಲೇ ನೆರವಾಗಿ' ಅಂತ ಒಂದು ಸಾಲು. ಮಗುವನ್ನು ನೋಡಿ ಕರುಳು ಹಿಂಡಿತು. ಆ 'ಈಗಲೇ' ನೋಡಿ ಸಿಟ್ಟು ಬಂತು. ಆರು ತಿಂಗಳ ಹಿಂದೆ ಯಾಕೆ ಯಾರೂ ಕೇಳಲಿಲ್ಲ? ಹಸಿವಿನ ಮಾತು ಬಂದರೆ ನಾನು ಬೇಗ ನಿಲ್ಲಿಸೋಳಲ್ಲ, ನಿಮಗೆ ಗೊತ್ತೇ ಇದೆ. ಇವತ್ತೂ ಸ್ವಲ್ಪ ಕೇಳಿಸಿಕೊಳ್ಳಿ.

ಕ್ಷಾಮ ಸಿಡಿಲಿನ ಹಾಗೆ ಬಂದೆರಗೋದಿಲ್ಲ. ಮಳೆ ಕೈಕೊಡುತ್ತೆ, ಕಾಳಿನ ಬೆಲೆ ಏರುತ್ತೆ, ಜನ ದನಕರು ಮಾರುತ್ತಾರೆ, ಕೊನೆಗೆ ಬಿತ್ತನೆಗೆ ಇಟ್ಟ ಬೀಜವನ್ನೇ ಬೇಯಿಸಿ ತಿನ್ನುತ್ತಾರೆ. ಬೀಜ ತಿಂದ ಮನೆಗೆ ಮುಂದಿನ ವರ್ಷ ಒಳ್ಳೆ ಮಳೆ ಬಂದರೂ ಬೆಳೆ ಇಲ್ಲ. ಇದನ್ನೆಲ್ಲ ಮೊದಲೇ ಗುರುತಿಸೋ ವ್ಯವಸ್ಥೆಯನ್ನು ಇಥಿಯೋಪಿಯಾದ ದುರಂತ ಕಂಡ ಮೇಲೆ ಅಮೆರಿಕ 1985ರಲ್ಲೇ ಕಟ್ಟಿತು. ಸೊಮಾಲಿಯಾಕ್ಕೆ ಬರಗಾಲ ಬರಲಿದೆ ಅಂತ ಅದು 2010ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ವಿಶ್ವಸಂಸ್ಥೆ ಕ್ಷಾಮ ಘೋಷಿಸಿದ್ದು 2011ರ ಜುಲೈ 20ಕ್ಕೆ! ಸತ್ತವರು ಸುಮಾರು 2.6 ಲಕ್ಷ, ಅರ್ಧದಷ್ಟು ಐದು ವರ್ಷ ತುಂಬದ ಮಕ್ಕಳು. ಆ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಘೋಷಣೆಗೆ ಮುಂಚೆಯೇ ಆಗಿಹೋಗಿದ್ದವು.

ಘೋಷಣೆಯ ಅಳತೆಗೋಲು ಏನು ಗೊತ್ತಾ? ದಿನಕ್ಕೆ 10,000 ಜನರಲ್ಲಿ ಇಬ್ಬರು ಸಾಯುತ್ತಿರಬೇಕು, ನೂರಕ್ಕೆ 30 ಮಕ್ಕಳು ತೀವ್ರವಾಗಿ ಸೊರಗಿರಬೇಕು. ಆ ಹೊತ್ತಿಗೆ ಗುಂಡಿ ತೋಡೋದು ಶುರುವಾಗಿರುತ್ತೆ. ಹಣ ಹರಿಯೋದು ಮಾತ್ರ ಆಮೇಲೆ.

ಯಾಕಂದರೆ ಹಸಿದವರಿಗೆ ಆಹಾರ ಮುಟ್ಟಿಸೋ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಇಂತಿಷ್ಟು ಕಟ್ಟಲೇಬೇಕು ಅಂತ ಯಾವ ದೇಶಕ್ಕೂ ಕಡ್ಡಾಯವಿಲ್ಲ. 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಸಂಸ್ಥೆ ಪ್ರತಿ ಸಲ ಕೈಚಾಚಬೇಕು. ನನಗೆ ನುಂಗಲಾಗದ ಸಂಗತಿ ಇದೇ.

ಮುಂಚೆ ಕೊಟ್ಟರೆ ಏನಾಗುತ್ತೆ ಅಂತ ನೋಡಿಯೂ ಆಗಿದೆ. 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದಿಯ ಪ್ರವಾಹದ ಮುನ್ಸೂಚನೆ ನಿಗದಿತ ಮಟ್ಟ ದಾಟಿದ ಕೆಲವೇ ಗಂಟೆಗಳಲ್ಲಿ ವಿಶ್ವಸಂಸ್ಥೆಯ ತುರ್ತು ನಿಧಿ 52 ಲಕ್ಷ ಡಾಲರ್ ಬಿಟ್ಟಿತು. ನೀರು ಏರಿ ನಿಲ್ಲೋ ಮೊದಲೇ ಸಾವಿರಾರು ಮನೆಗಳಿಗೆ ನಗದು ಸೇರಿತು. ಹಾಗೆ ಹಣ ಸಿಕ್ಕ ಮನೆಗಳಲ್ಲಿ ದಿನವಿಡೀ ಉಪವಾಸ ಬಿದ್ದವರು ಕಡಿಮೆ ಅಂತ ಆಮೇಲಿನ ಅಧ್ಯಯನ ಹೇಳಿತು. ಇದನ್ನು ಓದಿದ ದಿನ ನನಗಾದ ಸಂತೋಷ ಹೇಳತೀರದು.

'ಕೊಟ್ಟರೂ ಬಂದೂಕು ಹಿಡಿದವರು ದಾರಿ ಬಿಡಲ್ಲ, ಅಧಿಕಾರಿಗಳು ನುಂಗ್ತಾರೆ' ಅನ್ನೋರಿದ್ದೀರಿ. ನಿಜ, ಸೊಮಾಲಿಯಾದಲ್ಲಿ ದಾರಿ ಕಟ್ಟಿದವರಿದ್ದರು. ಆದರೆ 2022ರಲ್ಲೂ ಅದೇ ದೇಶ, ಅದೇ ಬಂದೂಕು. ಸಾಲಾಗಿ ಐದು ಮಳೆಗಾಲ ಕೈಕೊಟ್ಟಿದ್ದವು. ಆ ಸಲ ನೆರವು ದೊಡ್ಡ ಪ್ರಮಾಣದಲ್ಲಿ ಬಂತು. ಸಾವು ಪೂರ್ತಿ ತಪ್ಪಲಿಲ್ಲ, ಸಾವಿರಾರು ಜನ ಹೋದರು. ಆದರೂ ಸ್ಥಿತಿ ಕ್ಷಾಮದ ಘೋಷಣೆವರೆಗೆ ಹೋಗಲಿಲ್ಲ. ಕಳ್ಳರಿದ್ದಾರೆ ಅಂತ ಮಗುವಿನ ಊಟ ತಡ ಮಾಡೋ ವಾದವನ್ನು ನಾನು ಒಪ್ಪೋದಿಲ್ಲ.

ಒಂದು ಮಾತು ಹೇಳಿಬಿಡ್ತೀನಿ. ಇಷ್ಟು ವರ್ಷ ನಾನೂ ಹಣ ಹಾಕಿದ್ದು ಇಂಥ ಫೋಟೊ ಕಂಡಾಗಲೇ. ಮಳೆ ಕೈಕೊಟ್ಟ ಸುದ್ದಿ ಓದಿ ಒಂದು ಸಲವೂ ಹಾಕಿಲ್ಲ. ನಿನ್ನೆ ಅದು ಹೊಳೆದಾಗ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಪ್ರತಿ ತಿಂಗಳೂ ಖಾತೆಯಿಂದ ಒಂದಿಷ್ಟು ತಾನಾಗಿ ಹೋಗೋ ಹಾಗೆ ಮಾಡಿದೆ, ಯಾವ ಫೋಟೊಗೂ ಕಾಯದೆ.